ಕಿಟಕಿ ಪಕ್ಕದ ಕುರ್ಚಿ

ಆ ಬೆಳಿಗ್ಗೆ ಡಯಾಲಿಸಿಸ್ ಕೋಣೆಯ ಬೀಗ ತೆಗೆದು ಒಳಗೆ ಕಾಲಿಟ್ಟವಳು ಕಿಟಕಿ ಪಕ್ಕದ ಕುರ್ಚಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡಿದಳು. ಗೋಡೆಯುದ್ದಕ್ಕೂ ಹರಿದ ನೀರಿನ ಪೈಪುಗಳನ್ನು ನೋಡಿದಳು, ಒರೆಸಿ ಇನ್ನೂ ಆರದ ನೆಲವನ್ನು ನೋಡಿದಳು, ಯಂತ್ರಗಳ ಮೇಲಿನ ಮುಸುಕುಗಳನ್ನು ಒಂದೊಂದಾಗಿ ಎಳೆದು ಮಡಿಸಿಟ್ಟಳು. ಕುರ್ಚಿ ಮಾತ್ರ ಮಾತು ಬಿಟ್ಟ ನೆಂಟರ ಹಾಗೆ ಮೂಲೆಯಲ್ಲಿ ಕೂತೇ ಇತ್ತು. ಅದರ ಹಸಿರು ರೆಕ್ಸಿನ್ನಿನಲ್ಲಿ ಲೆಕ್ಕದ ಮೇಷ್ಟ್ರ ಬೆನ್ನಿನ ಗುರುತು ಹಾಗೇ ಕುಳಿಬಿದ್ದಿತ್ತು. ಎರಡೂ ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆರಡು ಸಲ ಬಂದು ಈ ಕುರ್ಚಿಗಳಲ್ಲಿ ಅರ್ಧ ದಿನ ಒರಗಿ, ಮೈಯ ರಕ್ತವನ್ನೆಲ್ಲ ಯಂತ್ರದಲ್ಲಿ ಹಾಯಿಸಿ ತೊಳೆಸಿಕೊಂಡರೆ ಬದುಕು, ಇಲ್ಲದಿದ್ದರೆ ಇಲ್ಲ. ಕುರ್ಚಿಗಳು ಬೆರಳೆಣಿಕೆಯಷ್ಟು, ಕಾಯುವವರು ಹೊರಗಿನ ಮೊಗಸಾಲೆಯ ತುಂಬ. ಹಾಗಾಗಿ ಒಬ್ಬರು ಎದ್ದು ಹೋದರೆ ಮಾತ್ರ ಇನ್ನೊಬ್ಬರು ಕೂರಬೇಕು. ಎದ್ದು ಹೋಗುವುದು ಎಂದರೆ ಇಲ್ಲಿ ಒಂದೇ ಅರ್ಥ. ಮೇಷ್ಟ್ರು ಭಾನುವಾರ ಮನೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲೇ ತೀರಿಹೋಗಿದ್ದರು. ಟೆಕ್ನಿಷಿಯನ್ ಫೋನು ಮಾಡಿ, "ಮೇಷ್ಟ್ರು ಹೊರಟ್ಬಿಟ್ರು ಸಿಸ್ಟರ್," ಎಂದಿದ್ದ. ಒಂದು ಉಸಿರಿನಷ್ಟು ಬಿಟ್ಟು, "ಕುರ್ಚಿ ಒಂದು ಖಾಲಿ," ಎಂದಿದ್ದ. ಆ ಎರಡು ಮಾತುಗಳ ನಡುವೆ ಅವಳ ಕಣ್ಣ ಮುಂದೆ ಬರಬೇಕಾಗಿದ್ದದ್ದು ಮೇಷ್ಟ್ರ ಮುಖ. ಬಂದದ್ದು ಕುರ್ಚಿಗಾಗಿ ಕಾಯುತ್ತಿದ್ದ, ತನ್ನ ಹಳೆಯ ಗಲ್ಲಿಯ ಇಸ್ತ್ರಿ ಅಕ್ಕನ ಮುಖ. ಹೊಟ್ಟೆಯೊಳಗೆ ಏನೋ ಛಂಗನೆ ನೆಗೆಯಿತು. ಅದು ಸಂತೋಷ ಎಂದು ತಿಳಿಯುವುದಕ್ಕೆ ಅವಳಿಗೆ ಕ್ಷಣ ಹಿಡಿಯಿತು. ತಿಳಿದ ಮೇಲೆ ಆ ಸಂತೋಷವನ್ನು ಎಲ್ಲಿಡಬೇಕೆಂದು ಗೊತ್ತಾಗದೆ, ಬಿಸಿ ಪಾತ್ರೆ ಹಿಡಿದವಳಂತೆ ಫೋನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ್ದಳು.

ಬೆಳಗಿನ ಪಾಳಿಯವರು ಒಬ್ಬೊಬ್ಬರಾಗಿ ಬಂದು, ತೂಕದ ಯಂತ್ರದ ಮೇಲೆ ನಿಂತು, ಕದ್ದು ಕುಡಿದ ನೀರಿನ ಬಗ್ಗೆ ಬೈಸಿಕೊಂಡು, ತಮ್ಮತಮ್ಮ ಕುರ್ಚಿ ಹಿಡಿದರು. ಯಾರೂ ಮೇಷ್ಟ್ರ ಹೆಸರೆತ್ತಲಿಲ್ಲ. ಇದು ಇಲ್ಲಿಯ ರಿವಾಜು. ಹೊರಗೆ ಬೆಂಚಿನ ಮೇಲೆ ಕಾಯುವವರ ಸಂಬಂಧಿಕರು ಬಾಯಿತುಂಬ "ಅಯ್ಯೋ ಪಾಪ" ಎನ್ನುತ್ತಿದ್ದರು. ಅವರ ಕಣ್ಣು ಅವಳ ಬಾಯಿಯ ಮೇಲಿತ್ತು. ನೀರಿನ ಡಬ್ಬದ ಪಕ್ಕದಲ್ಲಿ ನಿಂತವನೊಬ್ಬ ತಲೆಯಾಡಿಸಿ ನಕ್ಕ. ಯಾಕೆ ನಕ್ಕನೆಂದು ಅವಳಿಗೆ ಗೊತ್ತು. ಕುರ್ಚಿ ಕೊಡುವುದು ಅವಳ ಕೈಯಲ್ಲಿದೆ ಎಂದು ಅವನು ತಿಳಿದಿದ್ದಾನೆ. ಟೆಕ್ನಿಷಿಯನ್ ಟ್ಯೂಬುಗಳಲ್ಲಿ ಉಪ್ಪುನೀರು ಹಾಯಿಸುತ್ತಾ, "ಇವತ್ತು ನಿಮಗೆ ಎಲ್ಲರೂ ನಮಸ್ಕಾರ ಹೊಡೀತಾರೆ ನೋಡಿ ಸಿಸ್ಟರ್, ನಾಳೆ ಯಾರೂ ಗುರುತು ಹಿಡಿಯಲ್ಲ," ಎಂದ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು. ಅದನ್ನೇ ಎಲ್ಲರೂ ತಮಾಷೆ ಎಂದುಕೊಂಡಿದ್ದರು.

ನಮಸ್ಕಾರ ಹೊಡೆಸಿಕೊಳ್ಳಲು ಅವಳು ಈ ಕೆಲಸಕ್ಕೆ ಬಂದಿರಲಿಲ್ಲ. ಬಂದದ್ದು ಒಂದೇ ಒಂದು ಮಾತಿಗೋಸ್ಕರ. ಅವಳು ಚಿಕ್ಕವಳಿದ್ದಾಗ, ಮೈಯಲ್ಲಿ ಹಿಡಿ ಮಾಂಸವಿಲ್ಲದೆ ಗಲ್ಲಿಯವರೆಲ್ಲ 'ಬತ್ತಿ' ಎಂದು ಕರೆಯುತ್ತಿದ್ದ ಕಾಲದಲ್ಲಿ, ಬಿಡದ ಜ್ವರಕ್ಕೆ ಅಮ್ಮ ಅವಳನ್ನು ಸೊಂಟಕ್ಕೇರಿಸಿಕೊಂಡು ದೊಡ್ಡ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಿದ್ದಳು. ಒಳಗಿನ ನರ್ಸು ತಲೆಯೆತ್ತದೆ, "ಏ, ನೀನು ಆ ಕಡೆ ನಿಲ್ಲು," ಎಂದಳು. ಅಮ್ಮ ಆ ಕಡೆ ನಿಂತಳು. ಹಿಂದಿನಿಂದ ಬಂದ, ಚಪ್ಪಲಿಯ ಸದ್ದಿನಲ್ಲೇ ದೊಡ್ಡ ಮನೆಯವಳೆಂದು ತಿಳಿಯುತ್ತಿದ್ದ ಹೆಂಗಸಿಗೆ ಅದೇ ನರ್ಸು, ಅದೇ ಉಸಿರಿನಲ್ಲಿ, "ನೀವು ಹೇಳಿ," ಎಂದಳು. ಜ್ವರದ ಅಮಲಿನಲ್ಲಿ ಅಮ್ಮನ ಕುತ್ತಿಗೆಗೆ ಮುಖ ಒತ್ತಿಕೊಂಡಿದ್ದ ಬತ್ತಿಗೆ ಅಮ್ಮನ ಗಂಟಲು ಒಮ್ಮೆ ಏರಿ ಇಳಿದದ್ದು ಕೆನ್ನೆಗೆ ತಾಗಿತು. ನೀನು, ನೀವು. ಗಾಜಿನ ಆಚೆ ಕೂತವರ ಬಾಯಿಯಲ್ಲಿ ಒಂದಕ್ಷರ ಆಚೀಚೆಯಾದರೆ ಮನುಷ್ಯ ಪಕ್ಕಕ್ಕೆ ಸರಿಯಬೇಕಾಗುತ್ತದೆ ಎಂದು ಆ ಹೊತ್ತು ಅರ್ಥವಾಗಲಿಲ್ಲ. ಅರ್ಥವಾಗುವ ವಯಸ್ಸು ಬಂದಾಗ, ನಾನು ಆ ಗಾಜಿನ ಒಳಗೆ ಹೋಗಿ ಕೂರುತ್ತೇನೆ, ಎಲ್ಲರಿಗೂ 'ನೀವು' ಎನ್ನುತ್ತೇನೆ ಎಂದು ಹಟ ಹಿಡಿದಳು. ಹಟ ಗೆದ್ದಿತು. ಇಷ್ಟು ವರ್ಷದ ಕೆಲಸದಲ್ಲಿ ಅವಳು ಒಬ್ಬ ಬಡವನಿಗೂ ಏಕವಚನ ಆಡಿದವಳಲ್ಲ. "ನೀವು ಹೊರಗೆ ಕಾಯಿರಿ." "ನಿಮಗೆ ಸದ್ಯಕ್ಕೆ ಜಾಗ ಇಲ್ಲ." "ನೀವು ಸ್ವಲ್ಪ ಅರ್ಥ ಮಾಡ್ಕೋಬೇಕು." ಎಷ್ಟು ಮರ್ಯಾದೆಯಿಂದ ಹೇಳುತ್ತಿದ್ದಳೆಂದರೆ ಜನ ಕೈಮುಗಿದೇ ಹಿಂದಿರುಗುತ್ತಿದ್ದರು.

ನರ್ಸಿಂಗ್ ಓದುವಾಗ ವಾರಕ್ಕೊಮ್ಮೆ ಬಿಳಿ ಸಮವಸ್ತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಗಲ್ಲಿಯ ತಿರುವಿನ ಇಸ್ತ್ರಿ ಬಂಡಿಯ ಹತ್ತಿರ ಹೋಗುತ್ತಿದ್ದಳು. ಇಸ್ತ್ರಿ ಅಕ್ಕ ರಕ್ತಸಂಬಂಧದವಳಲ್ಲ, ಗಲ್ಲಿಗೆಲ್ಲ ಅಕ್ಕ. ಮಿಕ್ಕವರ ಬಟ್ಟೆ ಗಂಟಿನಲ್ಲಿ ಬಿದ್ದಿದ್ದರೂ ಬತ್ತಿಯ ಬಿಳಿ ಬಟ್ಟೆ ಬಂದರೆ ಹಲಗೆಯ ಮೇಲಿನ ಹಾಸನ್ನು ತೆಗೆದು ಬೇರೆ ಹಾಸು ಹಾಕುತ್ತಿದ್ದಳು. ಕೆಂಡದ ಕಿಡಿ ಹಾರೀತೆಂದು ಇಸ್ತ್ರಿಪೆಟ್ಟಿಗೆಯನ್ನು ದೂರ ಹಿಡಿದು ಊದುತ್ತಿದ್ದಳು. "ಬತ್ತಿ ಬತ್ತಿ ಅಂತಿದ್ವಿ, ಈಗ ನೋಡ್ರೇ, ಟ್ಯೂಬ್‌ಲೈಟ್ ಆಗಿದ್ದಾಳೆ," ಎಂದು ಆಚೀಚೆಯವರಿಗೆ ಕೂಗಿ ಹೇಳಿ, ಕಾಲರಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ದುಡ್ಡು ಕೊಡಹೋದರೆ, "ನಾಳೆ ನಾನು ಬಿದ್ದಾಗ ಎತ್ತೋಕೆ ನಮ್ಮವರೊಬ್ರು ಅಲ್ಲಿ ಒಳಗಿರ್ತಾರಲ್ಲ, ಸಾಕು," ಎನ್ನುತ್ತಿದ್ದಳು. ಅದನ್ನು ಲೋಕಾಭಿರಾಮವಾಗಿ ಆಡಿದ ಮಾತೆಂದು ಬತ್ತಿ ತಿಳಿದಿದ್ದಳು. ಬಿಳಿ ಬಟ್ಟೆಯ ಬಿಸಿ ಎದೆಗೆ ಹತ್ತುವ ಹಾಗೆ ಅಪ್ಪಿಕೊಂಡು ಮನೆಗೆ ನಡೆಯುವಾಗ ಇಡೀ ಗಲ್ಲಿ ತನ್ನ ಬೆನ್ನ ಹಿಂದೆ ಬರುತ್ತಿದೆ ಅನ್ನಿಸುತ್ತಿತ್ತು.

ಅಕ್ಕ ಬಿದ್ದದ್ದು ಹೋದ ವರ್ಷಕ್ಕೆ ಹಿಂದಿನ ವರ್ಷ. ಮುಖ ಊದಿ, ಕಾಲು ಊದಿ, ಮಗಳ ಭುಜ ಹಿಡಿದು ಆ ಮೊಗಸಾಲೆಗೆ ಬಂದು ನಿಂತಾಗ ಬತ್ತಿಯ ಪಕ್ಕದಲ್ಲಿ ಮೇಟ್ರನ್ ಇದ್ದಳು. ಕೆಲವೇ ದಿನಗಳ ಹಿಂದೆ ಇದೇ ಮೇಟ್ರನ್, ಗಲ್ಲಿಯಿಂದ ಬಂದ ಮುದುಕನೊಬ್ಬನಿಗೆ ಬತ್ತಿ ಗಾಲಿಕುರ್ಚಿ ತರಿಸಿಕೊಟ್ಟದ್ದಕ್ಕೆ, ಎಲ್ಲರೆದುರು, "ಇದೇನು ನಿಮ್ಮ ಕಡೆಯವರ ಮಾವನ ಮನೆಯಾ?" ಎಂದಿದ್ದಳು. ಬೆನ್ನ ಮೇಲೆ ಆ ಮಾತಿನ ಬರೆ ಹಸಿಯಾಗಿಯೇ ಇತ್ತು. ಅಕ್ಕ ಕಣ್ಣರಳಿಸಿ, "ಬತ್ತೀ," ಎಂದಳು. ಬತ್ತಿ, "ನೀವು ಅಲ್ಲಿ ಕೂತ್ಕೊಳ್ಳಿ, ಕರೀತೀವಿ," ಎಂದಳು. ಅಕ್ಕ ಕೂತಳು. ಮೇಟ್ರನ್ ಆಚೆ ಹೋದ ಮೇಲೆ ಓಡಿಬಂದು ಕೈಹಿಡಿದರೆ ಅಕ್ಕ ನಗುತ್ತಲೇ, "ಬೈದಿದ್ರೂ ಇಷ್ಟು ಬೇಜಾರಾಗ್ತಿರಲಿಲ್ಲ ಕಣೇ. 'ನೀವು' ಅಂದುಬಿಟ್ಯಲ್ಲ," ಎಂದಳು. ಇಷ್ಟು ಕಾಲ ಜೋಪಾನ ಮಾಡಿದ್ದ ಮಾತು ತನ್ನ ಬಾಯಲ್ಲೇ ಹೇಗೆ ಮುಚ್ಚಿದ ಬಾಗಿಲಾಗಿಬಿಟ್ಟಿತು ಎಂದು ಬತ್ತಿ ಅಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಅಳಲಿಲ್ಲ. ಕೈ ತೊಳೆದಳು. ನರ್ಸುಗಳಿಗೆ ಅದೊಂದು ಅನುಕೂಲ, ಯಾವಾಗ ಬೇಕಾದರೂ ಕೈ ತೊಳೆಯಬಹುದು.

ಕೆಲ ತಿಂಗಳಾದ ಮೇಲೆ ಅಕ್ಕನಿಗೆ ಕುರ್ಚಿ ಸಿಕ್ಕಿತು, ನ್ಯಾಯವಾಗಿ, ಅವಳ ಸರದಿಯಲ್ಲೇ. ಆಮೇಲೆ ಹೋಯಿತು. ಹೋದದ್ದೂ ನ್ಯಾಯವಾಗಿಯೇ. ತಿಂಗಳಲ್ಲಿ ಎರಡು ಸಲ ತಪ್ಪಿಸಿದವರು ಕುರ್ಚಿ ಕಳೆದುಕೊಳ್ಳುತ್ತಾರೆ, ಮತ್ತೆ ಬೇಕಾದರೆ ಹೊಸಬರೆಲ್ಲರ ಹಿಂದೆ ನಿಲ್ಲುತ್ತಾರೆ. ಅಕ್ಕ ತಪ್ಪಿಸಿದ್ದಳು. ಆಗಿನಿಂದ ಉಸಿರು ಕಟ್ಟಿದಾಗ ಮಾತ್ರ ತುರ್ತು ವಿಭಾಗಕ್ಕೆ ಬಂದು, ಅಲ್ಲಿಯ ಹಳೆಯ ಯಂತ್ರದಲ್ಲಿ ಒಂದು ಸಲ ರಕ್ತ ತೊಳೆಸಿಕೊಂಡು, ಮತ್ತೆ ಊದುವ ತನಕ ಬದುಕುತ್ತಿದ್ದಳು. ಆ ನಿಯಮ ಮಾಡಿದ್ದು ಬೇರೆ ಯಾರೂ ಅಲ್ಲ. ಮೊದಲು ಕುರ್ಚಿಗಳು ಫೋನಿನಲ್ಲಿ ಹಂಚಿಹೋಗುತ್ತಿದ್ದವು. ಮೇಲಿನವರ ಒಂದು ಮಾತು ಬಂದರೆ ಕಾದವರು ಕಾದಲ್ಲೇ. ಆಗ ಕೋಣೆಯ ಜವಾಬ್ದಾರಿ ಹೊಸದಾಗಿ ವಹಿಸಿಕೊಂಡಿದ್ದ ಬತ್ತಿ, ತುಂಬಿದ ಸಭೆಯಲ್ಲಿ ಎದ್ದು ನಿಂತು, ಯಾರ ಶಿಫಾರಸೂ ಬೇಡ, ಸರದಿಯಲ್ಲಿ ಕೊಡೋಣ, ತಪ್ಪದೆ ಬರುವವರಿಗೆ ಕುರ್ಚಿ ಉಳಿಯಲಿ, ದೊಡ್ಡವರಿಗೂ ಬಡವರಿಗೂ ಒಂದೇ ಅಳತೆ ಎಂದಿದ್ದಳು. ದೊಡ್ಡ ಡಾಕ್ಟರು ಮೊದಲು ಚಪ್ಪಾಳೆ ತಟ್ಟಿದ್ದರು. ಆ ಸಂಜೆ ಮನೆಯ ಕನ್ನಡಿಯಲ್ಲಿ ತನ್ನ ಮುಖವನ್ನು ಬಹಳ ಹೊತ್ತು ನೋಡಿಕೊಂಡಿದ್ದಳು. ಅಂಥ ಸುಖ ಮತ್ತೆ ಸಿಗಲಿಲ್ಲ. ಅಳತೆ ಒಂದೇ ಆಗಿತ್ತು, ನಿಜ. ಕಾರಿನಲ್ಲಿ ಬರುವವರು ತಪ್ಪಿಸುತ್ತಿರಲಿಲ್ಲ. ಕುರ್ಚಿ ಕಳೆದುಕೊಂಡವರ ಮುಖಗಳು ಒಂದಾದ ಮೇಲೊಂದು ಅವಳಿಗೆ ಯಾಕೋ ಗುರುತಿನವಾಗಿ ಕಾಣತೊಡಗಿದವು. ಅದೇ ಒಡೆದ ಹಿಮ್ಮಡಿ, ಪಕ್ಕಕ್ಕೆ ಸರಿದು ನಿಂತೇ ರೂಢಿಯಾದ ಅದೇ ಭುಜ.

"ನಿಯಮದ ಪ್ರಕಾರ ಯಾರು ಸಿಸ್ಟರ್? ನೀವೇ ಹೇಳಿ," ಎಂದರು ದೊಡ್ಡ ಡಾಕ್ಟರು, ಆ ಬೆಳಿಗ್ಗೆ ಮೇಷ್ಟ್ರ ಕುರ್ಚಿಯ ವಿಷಯಕ್ಕೆ ಅವಳನ್ನು ತಮ್ಮ ಕೋಣೆಗೆ ಕರೆಸಿಕೊಂಡು. ಅವರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತಾ, ನಿದ್ದೆಗೆಟ್ಟ ಕಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದರು.

"ಇಸ್ತ್ರಿ ಮಾಡೋ ಹೆಂಗಸು ಒಬ್ರಿದ್ದಾರೆ ಸರ್. ತುಂಬಾ ದಿನದಿಂದ ಕಾಯ್ತಿದ್ದಾರೆ. ಈ ಸಲ ಅವರಿಗೆ ಕೊಡಬಹುದೇನೋ ಅಂತ."

"ಅವರಿಗೆ ಒಂದು ಸಲ ಕೊಟ್ಟಿದ್ವಲ್ಲ. ಬರಲಿಲ್ಲ."

"ಮೈ ಹುಷಾರಿಲ್ಲದೆ ತಪ್ಪಿಸಿರಬಹುದು ಸರ್."

"ಹುಷಾರಿಲ್ಲದವರೇ ತಾನೆ ಇಲ್ಲಿಗೆ ಬರೋದು?" ಎಂದು ನಕ್ಕು, ತಮ್ಮ ನಗುವಿಗೆ ತಾವೇ ನೊಂದವರಂತೆ ದನಿ ತಗ್ಗಿಸಿದರು. "ಖಾಲಿ ಬಿದ್ದ ಒಂದೊಂದು ಸರದಿಯೂ ಇನ್ನೊಬ್ಬರ ಉಸಿರು ಅಂತ ಆವತ್ತು ಸಭೆಯಲ್ಲಿ ನೀವೇ ಅಂದಿದ್ರಿ. ನನಗೆ ಇನ್ನೂ ನೆನಪಿದೆ. ನಿಮ್ಮ ನಿಯಮ ಬಂದ ಮೇಲೆ ನನಗೆ ಶಿಫಾರಸಿನ ಫೋನು ಬರೋದೇ ನಿಂತಿದೆ. ಇವತ್ತು ಒಬ್ಬರಿಗೆ ಸಡಿಲ ಮಾಡಿದ್ರೆ ನಾಳೆ ಆ ಫೋನುಗಳಿಗೆ ನಾನೇನು ಹೇಳಲಿ?"

ಆ ಹೆಂಗಸು ನನಗೆ ಬೇಕಾದವಳು ಎಂಬ ಮಾತು ನಾಲಿಗೆ ತುದಿಯವರೆಗೆ ಬಂತು. ಅಲ್ಲೇ ನಿಂತಿತು. ಹಾಗೆ ಹೇಳಿದರೆ ಅದೂ ಒಂದು ಫೋನೇ ಆಗುತ್ತದೆ. ಹೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅವಳ ಹತ್ತಿರ ಹೆಸರಿರಲಿಲ್ಲ. "ಸರಿ ಸರ್," ಎಂದಳು. ಬಾಗಿಲ ತನಕ ಹೋದವಳನ್ನು ಅವರು ಮತ್ತೆ ಕರೆದರು. ಯಾಕೋ ಆಸೆಯಿಂದ ತಿರುಗಿದಳು. "ನಿಮ್ಮಂಥವರು ಇರೋದ್ರಿಂದ ಈ ಕೋಣೆ ನಡೀತಿದೆ ಸಿಸ್ಟರ್," ಎಂದರು. ನಿಜವಾಗಿಯೂ ಮನಸ್ಸಿನಿಂದ ಹೇಳಿದರು.

ಮಧ್ಯಾಹ್ನದ ಪಾಳಿಗೆ ಕಿಟಕಿ ಪಕ್ಕದ ಕುರ್ಚಿಗೆ ಬಂದವಳು ಸರದಿಯಲ್ಲಿ ಮುಂದಿದ್ದ ಕಾಲೇಜಿನ ಹುಡುಗಿ. ಕುತ್ತಿಗೆಯಲ್ಲಿ ತಾತ್ಕಾಲಿಕ ನಳಿಗೆ ಹಾಕಿ ಮೇಲೆ ಪಟ್ಟಿ ಹಚ್ಚಿದ್ದರು. ಅದನ್ನು ಮುಚ್ಚಲೆಂದು ಕೂದಲನ್ನು ಒಂದೇ ಬದಿಗೆ ಇಳಿಬಿಟ್ಟಿದ್ದಳು. ಅಪ್ಪ ಕಾರು ನಿಲ್ಲಿಸಿ ಬರುವ ತನಕ ಬಾಗಿಲಲ್ಲೇ ನಿಂತಿದ್ದಳು. ಆ ಹುಡುಗಿಯನ್ನು ದ್ವೇಷಿಸಬೇಕೆಂದು ಬೆಳಗಿನಿಂದ ಬತ್ತಿ ಒಳಗೊಳಗೇ ಸಿದ್ಧಳಾಗಿದ್ದಳು. ದುಬಾರಿ ಬೂಟು, ಕಿವಿಗೆ ಸಿಕ್ಕಿಸಿದ ಹಾಡು, ಅಪ್ಪನ ಕೈಯ ಹಣ್ಣಿನ ರಸದ ಬಾಟಲಿ, ಒಂದೊಂದನ್ನೂ ಹುಡುಕಿ ಹುಡುಕಿ ನೋಡಿದಳು. ಹುಡುಗಿ ಕುರ್ಚಿಯ ತೋಳನ್ನು ಮುಟ್ಟಿ, "ಇಲ್ಲಿ ಮೊದಲು ಯಾರು ಕೂರ್ತಿದ್ರು ಸಿಸ್ಟರ್?" ಎಂದಳು.

"ಒಬ್ಬರು ಮೇಷ್ಟ್ರು."

"ಅವರಿಗೆ ವಾಸಿ ಆಯ್ತಾ?"

ಟೆಕ್ನಿಷಿಯನ್ ಬೆನ್ನು ತಿರುಗಿಸಿ ಯಂತ್ರದ ಗುಂಡಿಗಳಲ್ಲಿ ಮುಳುಗಿದ. ಬತ್ತಿ, "ಒರಗಿಕೊಳ್ಳಿ, ಕಾಲು ಮೇಲಿಡಿ," ಎಂದಳು. ಹುಡುಗಿಯ ಬೆರಳುಗಳು ಮಂಜುಗಡ್ಡೆಯಂತೆ ತಣ್ಣಗಿದ್ದವು. ರಕ್ತ ನಳಿಗೆಯಲ್ಲಿ ಹೊರಟು ಯಂತ್ರವನ್ನು ಸುತ್ತಿ ವಾಪಸು ಬರುವುದನ್ನು ಅವಳು ತುಟಿ ಕಚ್ಚಿ ನೋಡಿದಳು; ಆಮೇಲೆ ಕಣ್ಣು ಮುಚ್ಚಿದಳು; ಆಮೇಲೆ ಬತ್ತಿಯ ಬಿಳಿ ಅಂಗಿಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ದ್ವೇಷಿಸಲು ಕೂಡ ಒಬ್ಬರು ಸಿಗುವುದಿಲ್ಲವಲ್ಲ ಎಂದುಕೊಂಡು, ಆ ಬೆರಳು ತಾನಾಗಿ ಸಡಿಲವಾಗುವ ತನಕ ನಿಂತಿದ್ದಳು.

ಕೆಲಸ ಮುಗಿದ ಮೇಲೆ ಬಟ್ಟೆ ಬದಲಾಯಿಸದೆ ಹಾಗೇ ಬಸ್ಸು ಹತ್ತಿದಳು. ಹೇಳಬೇಕಾದವಳು ತಾನೇ, ಬೇರೆ ಯಾರ ಬಾಯಿಂದಲೂ ಅಕ್ಕನಿಗೆ ತಿಳಿಯಬಾರದು. ಇದು ಧೈರ್ಯ ಎಂದು ಮೊದಲ ಬಸ್ಸಿನಲ್ಲಿ ಅನ್ನಿಸಿತು. ಎರಡನೆಯದರಲ್ಲಿ, ತಾನು ಹೋಗುತ್ತಿರುವುದು ಹೇಳಲಿಕ್ಕಲ್ಲ, ಪರವಾಗಿಲ್ಲ ಅನ್ನಿಸಿಕೊಂಡು ಬರಲಿಕ್ಕೆ ಎಂದು ಅನುಮಾನ ಬಂತು. ಗಲ್ಲಿಯನ್ನು ದಾಟಿ ಬಸ್ಸು ಬಹಳ ಮುಂದೆ ಹೋಗಿ, ಪೇಟೆಯ ಹತ್ತಿರ ನಿಂತಾಗ ಇಳಿದು ಹಿಂದಕ್ಕೆ ನಡೆದಳು. ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಯ ವಸತಿಗೃಹಕ್ಕೆ ಹೋದ ಮೇಲೆ ಈ ಕಡೆ ಕಾಲಿಟ್ಟದ್ದು ಅಪರೂಪ. ಅಮ್ಮನಿಗಂತೂ ಗಲ್ಲಿಯ ಸುದ್ದಿಯೇ ಬೇಡ. ಹೊಸ ಮನೆಯ ಪಕ್ಕದವರ ಮುಂದೆ ಅದರ ಹೆಸರೆತ್ತಿದರೆ ಬತ್ತಿಯ ತೋಳು ಚಿವುಟುತ್ತಾಳೆ. ಚರಂಡಿಯ ಕಲ್ಲುಗಳು ಎಲ್ಲಿ ಅಲ್ಲಾಡುತ್ತವೆ ಎಂದು ಕಾಲಿಗೆ ಇನ್ನೂ ನೆನಪಿತ್ತು. ಯಾರೋ ಕಿಟಕಿಯಿಂದ, "ನಮ್ಮ ಬತ್ತಿ ಅಲ್ವಾ?" ಎಂದರು, ಇನ್ನೊಬ್ಬರು, "ಸುಮ್ನಿರು, ದೊಡ್ಡ ಸಿಸ್ಟರ್ ಈಗ," ಎಂದರು. ಗೌರವವೋ ಚುಚ್ಚೋ ತಿಳಿಯದೆ ಅವಳು ಎರಡಕ್ಕೂ ಸೇರಿಸಿ ನಕ್ಕಳು.

ಬಂಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು ಮಗಳು. ಅಕ್ಕ ಪಕ್ಕದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಒಗೆದ ಬಟ್ಟೆಗಳನ್ನು ಕೊಡವಿ ಕೊಡುತ್ತಿದ್ದಳು. ಕಾಲುಗಳು ಬೇರೆ ಯಾರಿಂದಲೋ ಎರವಲು ತಂದಂತೆ ದಪ್ಪಗೆ ಹೊಳೆಯುತ್ತಿದ್ದವು.

"ಅಕ್ಕಾ, ಕುರ್ಚಿ..." ಎಂದಳು ಬತ್ತಿ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಒಂದೂ ಉಳಿದಿರಲಿಲ್ಲ.

"ಗೊತ್ತಾಯ್ತು ಬಿಡು. ಆ ತಿರುವಿನಲ್ಲಿ ನೀನು ಕಾಣಿಸ್ದಾಗಲೇ ಗೊತ್ತಾಯ್ತು. ಒಳ್ಳೆ ಸುದ್ದಿ ತರೋರು ಅಷ್ಟು ನಿಧಾನ ನಡೀತಾರಾ? ಬಾ, ಕೂತ್ಕೋ. ನಿಂತೂ ನಿಂತೂ ನಿನ್ನ ಕಾಲೂ ನನ್ನ ಕಾಲಿನ ಹಾಗಾಗುತ್ತೆ." ಅಕ್ಕ ಸರಿದು ಜಾಗ ಮಾಡಿಕೊಟ್ಟಳು. "ಯಾರಿಗೆ ಸಿಕ್ತು?"

"ಒಬ್ಬ ಹುಡುಗಿಗೆ. ಕಾಲೇಜಿಗೆ ಹೋಗ್ತಿದ್ಲು."

"ನಮ್ಮಿವಳ ವಯಸ್ಸಿನವಳಾ?"

"ಹೆಚ್ಚುಕಡಿಮೆ."

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಎಲ್ಲ ಹಾಕಿದ ಮೇಲೆ, "ಹಾಗಾದ್ರೆ ಸರಿ," ಎಂದಳು. "ಬದುಕೋ ವಯಸ್ಸು. ನನ್ನದೇನು, ಅರ್ಧ ಬಟ್ಟೆ ಇಸ್ತ್ರಿ ಆಗಿದೆ. ನೀನು ಮನಸ್ಸಿಗೆ ಹಚ್ಕೋಬೇಡ."

ಬತ್ತಿಯ ಭುಜದಿಂದ ಭಾರವೊಂದು ಜಾರಿತು. ಮೈ ಹಗುರಾಯಿತು, ಉಸಿರು ಸರಾಗವಾಯಿತು. ಆ ಹಗುರ ತಿಳಿದ ಕ್ಷಣಕ್ಕೇ ಅವಳಿಗೆ ಹೇಸಿಗೆಯಾಯಿತು. ಇದನ್ನೇ ಪಡೆಯಲು ಬಂದಿದ್ದೆ. ಸಾಯುವವಳ ಕೈಯಿಂದ ಇದನ್ನೂ ಇಸಿದುಕೊಂಡೆ. ಆ ನಿಯಮ ನಾನೇ ಮಾಡಿದ್ದು ಅಕ್ಕಾ ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಎಡಗೈಯ ತೋಳು ಮೇಲಕ್ಕೆಳೆದು ಅವಳ ಮುಂದೆ ಚಾಚಿದಳು. "ಇದನ್ನ ಒಂದು ಸಲ ನೋಡು. ಚೆನ್ನಾಗಿದೆಯಾ?"

ಯಂತ್ರದ ಸೂಜಿ ಚುಚ್ಚಲು ಅನುಕೂಲವಾಗಲೆಂದು, ಕುರ್ಚಿ ಸಿಕ್ಕಿದ ಕಾಲದಲ್ಲಿ, ಮಣಿಕಟ್ಟಿನ ಮೇಲೆ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ನಾಳ ಉಬ್ಬಿ ಹಗ್ಗದಂತೆ ನಿಂತಿತ್ತು. ಬತ್ತಿ ಮೂರು ಬೆರಳಿಟ್ಟಳು. ಚರ್ಮದ ಕೆಳಗೆ ದೊಡ್ಡ ದುಂಬಿಯೊಂದು ಸಿಕ್ಕಿಹಾಕಿಕೊಂಡ ಹಾಗೆ ಗುಂಯ್‌ಗುಡುತ್ತಿತ್ತು. ಎಷ್ಟೋ ಕೈಗಳನ್ನು ಮುಟ್ಟಿದ್ದಾಳೆ, ಇಷ್ಟು ಚೆನ್ನಾಗಿ ಕಾಪಾಡಿದ ಕೈಯನ್ನು ನೋಡಿರಲಿಲ್ಲ. "ನೀನು ಹೇಳಿದ್ಯಲ್ಲ, ದಿನಾ ಚೆಂಡು ಹಿಸುಕಬೇಕು, ಈ ಕೈಲಿ ಭಾರ ಎತ್ತಬಾರದು, ಇದರ ಮೇಲೆ ಮಲಗಬಾರದು ಅಂತ. ಎಲ್ಲಾ ಮಾಡ್ತೀನಿ. ಬಟ್ಟೆ ಗಂಟು ಇವಳೇ ಹೊರೋದು."

"ತುಂಬಾ ಚೆನ್ನಾಗಿದೆ ಅಕ್ಕಾ," ಎಂದಳು ಬತ್ತಿ. ಹೇಳಬೇಕೆಂದಿದ್ದದ್ದು ಆ ಗುಂಯ್‌ಗುಡುವಿಕೆಯೊಳಗೆ ಎಲ್ಲೋ ಬಿದ್ದುಹೋಯಿತು.

"ಇನ್ನೊಂದು ಮಾತು," ಎಂದಳು ಅಕ್ಕ, ಮಗಳ ಕಡೆ ಗಲ್ಲ ತೋರಿಸಿ. "ನಾನಿರೋಷ್ಟರಲ್ಲಿ ಇವಳನ್ನ ನರ್ಸಿಂಗಿಗೆ ಸೇರಿಸ್ಬಿಡು. ನಿನ್ನ ಹಾಗೆ ಆಗ್ಲಿ. ನಮ್ಮವರು ಒಳಗಿದ್ರೆ ಅದೊಂದು ಧೈರ್ಯ." ಮಗಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಲಿಲ್ಲ. ಅಂಗಿಯ ಬೆನ್ನಿನ ಮೇಲೆ ಅದು ಒಂದೇ ವೇಗದಲ್ಲಿ ಹೋಗಿ ಬರುತ್ತಿತ್ತು.

ಬಸ್ಸಿನ ತನಕ ಬಿಟ್ಟು ಬರುತ್ತೇನೆಂದು ಮಗಳು ಜೊತೆಗೆ ಬಂದಳು. ಬಿಸಿಲು ಇಳಿದಿತ್ತು, ಬೆಳಕು ಇನ್ನೂ ಇತ್ತು. ಗಲ್ಲಿ ದಾಟಿ ದೊಡ್ಡ ರಸ್ತೆಯ ಅಂಚಿಗೆ ಬಂದು, ತುಕ್ಕುಹಿಡಿದ ನಿಲ್ದಾಣದ ಕಂಬದ ಕೆಳಗೆ ನಿಂತ ಮೇಲೆ ಅವಳು ಮಾತಾಡಿದಳು. "ಚಿಕ್ಕಮ್ಮಾ, ನನಗೆ ನರ್ಸಿಂಗ್ ಬೇಡ. ಅಮ್ಮನಿಗೆ ಹೇಳ್ಬೇಡ."

"ಯಾಕೆ?"

"ಅಷ್ಟೆಲ್ಲಾ ಓದಿ ನೀನು ಇವತ್ತು ಬಂದು ಹೇಳಿದ್ದೇನು? ಕುರ್ಚಿ ಇಲ್ಲ ಅಂತ. ಅಷ್ಟನ್ನ ಗೇಟಿನ ವಾಚ್‌ಮನ್ನೂ ಹೇಳ್ತಾನೆ." ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆಯ ಮೇಲೆ ಉಳಿದ ಸುಕ್ಕೊಂದನ್ನು ಬೆರಳಿಟ್ಟು ತೋರಿಸುವ ಹಾಗೆ ಹೇಳಿದಳು.

ಹಾಗಲ್ಲ, ನಾನಿದ್ದದ್ದರಿಂದ ಇಷ್ಟಾದರೂ ಆಯಿತು ಎಂದು ಹೇಳಲು ಆ ಇಷ್ಟು ಯಾವುದೆಂದು ಬತ್ತಿ ಒಳಗೆಲ್ಲ ತಡಕಾಡಿದಳು. ಒಂದೆರಡು ಮುಖ ಸಿಕ್ಕವು. ಈ ಹುಡುಗಿಯ ಮುಂದೆ ಅವುಗಳನ್ನು ಎತ್ತಿ ಹಿಡಿಯುವ ಮುಖ ತನಗಿಲ್ಲ ಅನ್ನಿಸಿತು. ಕಡೆಗೆ ತನಗೆ ಬರುವುದನ್ನು ಮಾಡಿದಳು. "ನೋಡು, ಉಸಿರಾಟ ಜೋರಾದ್ರೆ ಅಮ್ಮನನ್ನ ಮಲಗಿಸ್ಬೇಡ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸು. ನೀರು ಕೇಳ್ತಾರೆ, ಕೊಡಬೇಡ, ತುಟಿ ಒದ್ದೆ ಮಾಡು. ಮಾತು ತೊದಲಿದ್ರೆ, ಎದೆಬಡಿತ ತಪ್ಪಿದ್ರೆ ಕಾಯಬೇಡ, ಸೀದಾ ತುರ್ತು ವಿಭಾಗಕ್ಕೆ ಬಂದುಬಿಡು."

"ಕೂರಿಸ್ಬೇಕು. ನೀರು ಕೊಡಬಾರದು, ತುಟಿ ಒದ್ದೆ ಮಾಡ್ಬೇಕು. ಕಾಯಬಾರದು," ಎಂದು ಮಗಳು ಒಪ್ಪಿಸಿದಳು. "ಬರೋದು ಹೇಗೆ?"

ಬತ್ತಿ ಏನೋ ಹೇಳುವ ಮೊದಲೇ ಬಸ್ಸು ಬಂತು. ಅವಳು ಕೈ ಮಾಡಿದಳು. ಬಸ್ಸು ವೇಗ ಕೂಡ ತಗ್ಗಿಸದೆ, ಧೂಳೆಬ್ಬಿಸಿಕೊಂಡು, ಅರ್ಧ ಖಾಲಿ ಕಿಟಕಿಗಳನ್ನು ತೋರಿಸುತ್ತಾ ಹೋಗಿಬಿಟ್ಟಿತು.

"ಇಲ್ಲಿ ನಿಲ್ಲಿಸಲ್ಲ," ಎಂದಳು ಮಗಳು. "ಕಂಬ ಇದೆ ಅಷ್ಟೇ. ನಮ್ಮವರು ಹತ್ತಿದ್ರೆ ಗಂಟು ಮೂಟೆ, ವಾಸನೆ ಅಂತಾರೆ. ಇಳಿಯೋರು ಕೂಗಾಡಿದ್ರೆ ಮಾತ್ರ ನಿಲ್ಲುತ್ತೆ. ಕುರ್ಚಿ ಇದ್ದಾಗ ಅಮ್ಮ ಕತ್ತಲಿರುವಾಗಲೇ ಬಂದು ಇಲ್ಲಿ ನಿಲ್ತಿದ್ಲು. ಮೂರು ಬಸ್ಸು ನಿಲ್ಲದೆ ಹೋದ ದಿನವೂ ಇದೆ. ಪೇಟೆ ತನಕ ನಡೆಯೋಕೆ ಆ ಕಾಲಲ್ಲಿ ಆಗ್ತಿರಲಿಲ್ಲ."

"ಆಸ್ಪತ್ರೆಯಲ್ಲಿ ಹೇಳ್ಬೇಕಿತ್ತು."

"ಹೇಳಿದ್ಲಲ್ಲ. ನಿನಗೇ ಹೇಳಿದ್ಲು. ನಾನೂ ಇದ್ದೆ."

ಹೇಳಿದ್ದಳು. ಬತ್ತಿ ಆಗ ಯಂತ್ರವೊಂದರ ಗಂಟೆ ನಿಲ್ಲಿಸುತ್ತಿದ್ದಳು. ಅಕ್ಕ ಬಾಗಿಲಲ್ಲಿ ನಿಂತು ಬಸ್ಸು ಸಿಗಲಿಲ್ಲ ಕಣೇ ಎಂದಿದ್ದಳು. ಅದನ್ನು ಎಲ್ಲರೂ ಹೇಳುತ್ತಾರೆ. ಬಸ್ಸು ಸಿಗಲಿಲ್ಲ, ಮಗುವಿಗೆ ಜ್ವರ, ಮಾಲೀಕರು ರಜೆ ಕೊಡಲಿಲ್ಲ. ಇಷ್ಟು ವರ್ಷದಲ್ಲಿ ಆ ಮಾತುಗಳು ಅವಳ ಕಿವಿಗೆ ಕೆಮ್ಮಿನ ಹಾಗೆ, ನೆಗಡಿಯ ಹಾಗೆ ಆಗಿಬಿಟ್ಟಿದ್ದವು. ಅರ್ಥ ಕೇಳುವಂಥದ್ದಲ್ಲ, ಮುಗಿಯುವ ತನಕ ತಾಳಿಕೊಳ್ಳುವಂಥದ್ದು. ಮುಂದಿನ ಸಲ ಬೇಗ ಹೊರಡಿ ಎಂದಿದ್ದಳು. ಬಹುವಚನದಲ್ಲೇ ಎಂದಿದ್ದಳು, ಆಗ ಮೇಟ್ರನ್ ಕೂಡ ಅಲ್ಲಿರಲಿಲ್ಲ.

ದೂರದಲ್ಲಿ ಇನ್ನೊಂದು ಬಸ್ಸು ಕಾಣಿಸಿತು. ಮಗಳು ಏನೂ ಹೇಳದೆ ಚಪ್ಪಲಿ ಸರಿಮಾಡಿಕೊಂಡು ರಸ್ತೆಯ ನಡುಮಧ್ಯಕ್ಕೆ ನಡೆದು, ಎರಡೂ ಕೈ ಅಗಲಿಸಿ ನಿಂತಳು. ಬತ್ತಿ, "ಬೇಡ ಕಣೇ, ಬಾ ಈಚೆ," ಎಂದಳು. ದನಿ ತನಗೇ ಕೇಳಿಸಲಿಲ್ಲ. ಬಸ್ಸು ಹಾರನ್ನಿನ ಮೇಲೆ ಹಾರನ್ನು ಹೊಡೆಯುತ್ತಾ ಬಂದು, ಹುಡುಗಿಯಿಂದ ಒಂದು ಮಾರು ದೂರದಲ್ಲಿ ಕಿರುಚಿಕೊಂಡು ನಿಂತಿತು. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಏಯ್, ಸಾಯೋಕೆ ನನ್ನ ಬಸ್ಸೇ ಬೇಕಾಯ್ತಾ ನಿನಗೆ? ನಿಮ್ಮದು ಯಾವಾಗಲೂ ಇದೇ ಗೋಳು," ಎಂದು ಬೈದ. ಮಗಳು ಅವನ ಕಡೆ ನೋಡಲೂ ಇಲ್ಲ. ಬತ್ತಿಯ ಕಡೆ ತಿರುಗಿ, "ಹತ್ತು ಚಿಕ್ಕಮ್ಮಾ," ಎಂದಳು.

ಬತ್ತಿ ಹತ್ತಿದಳು. ಡ್ರೈವರ್ ಕನ್ನಡಿಯಲ್ಲಿ ಬಿಳಿ ಸಮವಸ್ತ್ರವನ್ನೂ ಕೊರಳಿನ ಆಸ್ಪತ್ರೆಯ ಗುರುತುಚೀಟಿಯನ್ನೂ ಕಂಡು, ಮುಖವನ್ನೇ ಬದಲಾಯಿಸಿಕೊಂಡು, "ಅಯ್ಯೋ, ಸಿಸ್ಟರ್ರಾ? ಬನ್ನಿ ಬನ್ನಿ. ನೀವು ಅಂತ ಮೊದಲೇ ಗೊತ್ತಾಗಿದ್ರೆ ನಿಲ್ಲಿಸ್ತಿದ್ನಲ್ಲ," ಎಂದ. ಹುಡುಗಿ ಇನ್ನೂ ರಸ್ತೆಯ ಮೇಲೇ ಇದ್ದಳು. ಬಾಗಿಲು ತೆರೆದೇ ಇತ್ತು. ಅವಳಿಗೆ ಎಲ್ಲವೂ ಕೇಳಿಸುವಷ್ಟು ಹತ್ತಿರ. ಬತ್ತಿ ಕಂಬಿ ಹಿಡಿದು ನಿಂತು, ಹುಡುಗಿಯನ್ನು ಬೈದದ್ದಕ್ಕೆ ಅವನಿಗೆ ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು. ಇಷ್ಟು ವರ್ಷಗಳ ಅಭ್ಯಾಸದಿಂದ, ಮರ್ಯಾದೆಯಾಗಿ, ಮೆತ್ತಗೆ, "ಥ್ಯಾಂಕ್ಸ್" ಎಂದು ಬಂದುಬಿಟ್ಟಿತು.